ಪಜಾರ್ಜಿಕ್ಕೋ, ದೋಬ್ರಿಚ್ಚೋ?

ಬಲ್ಗೇರಿಯಾದ ಹಳೆಯ ಸಂತೆ ಊರು ನೋಡಲು ಒಂದೇ ದಿನ ಇದ್ದರೆ ನನ್ನ ಮತ ಪಜಾರ್ಜಿಕ್‌ಗೆ. ಸೋಫಿಯಾ–ಪ್ಲೊವ್ಡಿವ್ ರೈಲು ದಾರಿಯಲ್ಲೇ ಇದೆ, ಮಾರಿತ್ಸಾ ನದಿಯ ದಡ. 1667ರ ಕುರ್ಶುಮ್ ಮಸೀದಿ ಇದೆ. 1837ರ ಚರ್ಚಿನೊಳಗಿನ ಮರದ ಕೆತ್ತನೆಯನ್ನಂತೂ ಬಿಡಬೇಡಿ. 1878ರಲ್ಲಿ ಊರು ಸುಡಲು ಬಂದ ಒಟ್ಟೋಮನ್ ಆದೇಶದಲ್ಲಿ ಒಂದು ಅಲ್ಪವಿರಾಮದ ಜಾಗ ಬದಲಿಸಿ, ಒವಾನೆಸ್ ಸೊವಾಜಿಯಾನ್ ಎಂಬ ಅರ್ಮೇನಿಯನ್ ಊರನ್ನು ಉಳಿಸಿದ ಅಂತ ಕಥೆ. ನಿಜವೋ ಸುಳ್ಳೋ, ಚೆನ್ನಾಗಿದೆ ಅಲ್ವಾ?

ದೋಬ್ರಿಚ್ ಇರುವುದು ಈಶಾನ್ಯದಲ್ಲಿ, ಗೋಧಿ ಬೆಳೆಯುವ ಬಯಲಿನಲ್ಲಿ. 1913ರಲ್ಲಿ ರೊಮೇನಿಯಾ ಪಾಲಾಗಿ, 1940ರಲ್ಲಿ ವಾಪಸ್ ಬಂತು. 1949ರಿಂದ 1990ರವರೆಗೆ ಸೋವಿಯತ್ ಸೇನಾಪತಿ ತೊಲ್ಬುಖಿನ್ ಹೆಸರು ಹೊತ್ತಿತ್ತು. ಹಳೆ ಪೇಟೆಯನ್ನು ಮರುಕಟ್ಟಿದ ಬಯಲು ಮ್ಯೂಸಿಯಂನಲ್ಲಿ ಕುಶಲಕರ್ಮಿಗಳು ಕೆಲಸ ಮಾಡುವುದನ್ನು ನೋಡಬಹುದು. ವಾರ್ನಾ ಕಡಲ ತೀರಕ್ಕೆ ಹೊರಟವರಿಗೆ ಇದೇ ಹತ್ತಿರ.