ಅಲೆಕ್ಸಾಂಡರ್ ಕಾಲದ ಬೆಳ್ಳಿ ನಾಣ್ಯ ಅಂತ ಕೊಡುತ್ತಾರೆ, ಹುಷಾರು!

ಹಳೆಯ ಗ್ರೀಕ್ ನಾಣ್ಯಗಳ ಹುಚ್ಚು ಇರುವವರು, ಅದರಲ್ಲೂ ಆನ್‌ಲೈನ್‌ನಲ್ಲಿ ‘ನಮ್ಮಜ್ಜನ ಸಂಗ್ರಹ’ ಅಂತ ಮಾರುವವರ ಹತ್ತಿರ ಕೊಳ್ಳುವವರು ದಯವಿಟ್ಟು ಇದನ್ನು ಓದಿ.

ನಾನಿರುವುದು ಜರ್ಮನಿಯಲ್ಲಿ. ನನಗೆ ಬೇಕಿದ್ದದ್ದು ಅಲೆಕ್ಸಾಂಡರ್ ಹೆಸರಿನ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮದ (ಡ್ರಾಕ್ಮ ಅಂದರೆ ಆಗಿನ ಗ್ರೀಕ್ ಹಣ) ಬೆಳ್ಳಿ ನಾಣ್ಯ. ಒಂದು ಕಡೆ ಸಿಂಹದ ಚರ್ಮವನ್ನು ತಲೆಗೆ ಹೊದ್ದ ಗ್ರೀಕ್ ವೀರ ಹೆರಾಕ್ಲಿಸ್, ಇನ್ನೊಂದು ಕಡೆ ಕೈಮೇಲೆ ಹದ್ದು ಇಟ್ಟುಕೊಂಡು ಕುಳಿತ ಗ್ರೀಕ್ ದೇವರಾಜ ಜ್ಯೂಸ್. ಅಲೆಕ್ಸಾಂಡರ್ ಸತ್ತದ್ದು ಕ್ರಿ.ಪೂ. 323ರಲ್ಲಿ. ಆದರೆ ಅವನ ಹೆಸರಿನ ಈ ನಾಣ್ಯವನ್ನು ಆಮೇಲೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಕಾಲ ಬೇರೆ ಬೇರೆ ಊರುಗಳಲ್ಲಿ ಹೊಡೆಯುತ್ತಲೇ ಇದ್ದರು. ಹಾಗಾಗಿ ಅಸಲಿ ನಾಣ್ಯ ಬೇಕಾದಷ್ಟು ಸಿಗುತ್ತದೆ. ನಕಲಿಯಂತೂ ಕೇಳಲೇಬೇಡಿ.

ಮಾರಿದವನದ್ದು ಬೆಣ್ಣೆಯಂಥ ಮಾತು. ಫೋಟೋ ಚೆನ್ನಾಗಿತ್ತು. ಜೊತೆಗೆ ಸೀಲು ಒತ್ತಿದ ‘ಅಸಲಿ ಪ್ರಮಾಣಪತ್ರ’ ಬೇರೆ. ಅದಕ್ಕೆ ಸಹಿ ಹಾಕಿದವನೂ ಅವನೇ! ತೂಕ ಎಷ್ಟು ಅಂತ ಕೇಳಿದರೆ “17 ಗ್ರಾಂ ಆಸುಪಾಸು” ಎಂದ. ಈ ನಾಣ್ಯ ಸುಮಾರು 17.2 ಗ್ರಾಂ ಇರುತ್ತದೆ, ಸವೆದಿದ್ದರೆ ಸ್ವಲ್ಪ ಕಡಿಮೆ. ಪಾರ್ಸೆಲ್ ಬಿಚ್ಚಿ ತೂಗಿದರೆ 15.1.

ಭೂತಗನ್ನಡಿ ಹಿಡಿದಾಗ ಉಳಿದದ್ದೂ ಗೊತ್ತಾಯಿತು. ಹೆರಾಕ್ಲಿಸ್ ಕೆನ್ನೆ ತುಂಬ ಸೂಜಿಮೊನೆಯಷ್ಟು ಗುಂಡು ಕುಳಿಗಳು. ಸಿಂಹದ ಕೇಸರದ ಗೆರೆಗಳು ಸವೆದ ಸಾಬೂನಿನ ಹಾಗೆ ಮಂಕು. ಅಂಚಿನ ಸುತ್ತ ಅರ ಹಾಕಿ ಉಜ್ಜಿದ ಗೀರು. ಒಂದು ಕಡೆ ಉಜ್ಜುವುದನ್ನೇ ಮರೆತಿದ್ದರು, ಅಲ್ಲಿ ಸಣ್ಣ ಏಣು ಹಾಗೇ ಉಳಿದಿತ್ತು. ಎರಕದ ಅಚ್ಚಿನ ಎರಡು ಹೋಳು ಸೇರುವ ಕಡೆ ಮೂಡುವ ಗೆರೆ ಅದು. ಈ ನಾಣ್ಯಗಳನ್ನು ಆಗ ಹಾಗೆ ಎರಕ ಹೊಯ್ದು ಮಾಡುತ್ತಿರಲಿಲ್ಲ. ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು.

ಇಷ್ಟಾದ ಮೇಲೆ ಬೇರೆ ಮಾರಾಟದ ಫೋಟೋಗಳನ್ನು ಹುಡುಕಿದೆ. ಇನ್ನೊಬ್ಬನ ಹತ್ತಿರ ಅದೇ ನಾಣ್ಯ ಇತ್ತು! ಕೈಯಲ್ಲಿ ಬಡಿದ ನಾಣ್ಯಗಳು ಒಂದೇ ಅಚ್ಚಿನವಾದರೂ ಚಿತ್ರ ಕೂತ ಜಾಗ, ಬಿಲ್ಲೆಯ ಆಕಾರ, ಅಂಚಿನ ಸೀಳು ಒಂದೊಂದರಲ್ಲಿ ಒಂದೊಂದು ಥರ. ಇಲ್ಲಿ ನೋಡಿದರೆ ಜ್ಯೂಸ್ ಪಾದದ ಕೆಳಗಿನ ಸೀಳು ಕೂಡ ಪಡಿಯಚ್ಚು. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಅದಕ್ಕೇ ಹೇಳುವುದು, ಫೋಟೋ ಹೋಲಿಸುವ ಕೆಲಸವನ್ನು ದುಡ್ಡು ಕಟ್ಟುವ ಮುಂಚೆಯೇ ಮಾಡಿ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ‘ಪೆಲ್ಲಾ’ ಎಂಬ ಉಚಿತ ಪಟ್ಟಿಯಲ್ಲಿ ಅಲೆಕ್ಸಾಂಡರ್ ನಾಣ್ಯಗಳ ಚಿತ್ರ, ತೂಕ ಎಲ್ಲ ಸಿಗುತ್ತವೆ.

ವಾಪಸ್ ಕಳಿಸುತ್ತೇನೆ ಅಂದಾಗ ಅವನ ಅಸಲಿ ಬಣ್ಣ ಬಯಲಾಯಿತು. “ನನ್ನ ನಾಣ್ಯ ಇಟ್ಟುಕೊಂಡು ನಕಲಿ ಕಳಿಸುತ್ತಿದ್ದೀರಿ” ಅಂತ ನನ್ನ ಮೇಲೇ ಗೂಬೆ ಕೂರಿಸಿದ. ಸ್ವಲ್ಪ ದಿನಕ್ಕೆ ಅವನ ಖಾತೆಯೇ ಮಾಯ. ಪಾರ್ಸೆಲ್ ಬಿಚ್ಚುವುದರಿಂದ ಹಿಡಿದು ತಕ್ಕಡಿಗೆ ಇಡುವ ತನಕ ಒಂದೇ ವಿಡಿಯೋ ಮಾಡಿಟ್ಟುಕೊಳ್ಳಿ. ಇಂಥವರ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣೆ.

ಎಲ್ಲ ನಕಲಿಯೂ ಇಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ ಬಿಡಿ. ಹೊಸ ಅಚ್ಚು ಕೆತ್ತಿ ಒತ್ತಿದರೆ ಏಣೂ ಇರಲ್ಲ, ಕುಳಿಯೂ ಇರಲ್ಲ. 1988ರಲ್ಲಿ ಮಾರುಕಟ್ಟೆಗೆ ಬಂದ ‘ಕಪ್ಪು ಸಮುದ್ರದ ನಿಧಿ’ಯ ಪುಟ್ಟ ಬೆಳ್ಳಿ ನಾಣ್ಯಗಳ ಬಗ್ಗೆ ಪರಿಣತರೇ ವರ್ಷಗಟ್ಟಲೆ ಕಿತ್ತಾಡಿದರು. ಕೊನೆಗೆ ಅವು ನಮ್ಮ ಕಾಲದವೇ ಎಂದಾಯಿತು. ಹಾಗಾಗಿ ದುಬಾರಿ ನಾಣ್ಯವಾದರೆ ಹಳೆಯ ಹರಾಜಿನ ದಾಖಲೆ ಕೇಳಿ. ಅಜ್ಜನ ಕಥೆ ದಾಖಲೆ ಅಲ್ಲ.

ಹಾಗೇ ಇನ್ನೊಂದು. ಟರ್ಕಿಗೆ ಪ್ರವಾಸ ಹೋದಾಗ ಪಾಳು ಊರುಗಳ ಹತ್ತಿರ ಯಾರಾದರೂ ಜೇಬಿನಿಂದ ನಾಣ್ಯ ತೆಗೆದು “ಹೊಲದಲ್ಲಿ ಸಿಕ್ಕಿತು” ಅಂದರೆ ಮುಟ್ಟಲೂ ಹೋಗಬೇಡಿ. ಬಹುಪಾಲು ನಕಲಿಯೇ. ಅಪ್ಪಿತಪ್ಪಿ ಅಸಲಿಯಾಗಿದ್ದರೆ ಅದನ್ನು ದೇಶದಿಂದ ಹೊರಗೆ ಒಯ್ಯುವುದು ಅಲ್ಲಿ ಅಪರಾಧ, ಜೈಲಿಗೂ ಹಾಕುತ್ತಾರೆ.