ಗಡಸು ನೀರಿಗೆ ಯಾವ ಸೋಡಾ?

ಬಳ್ಳಾರಿ ಕಡೆ ಬೋರ್ ನೀರು ಗಡಸಾಗಿದ್ದರೆ ಬಟ್ಟೆ ಒಗೆಯುವ ಪೌಡರ್ ಎಷ್ಟು ಸುರಿದರೂ ನೊರೆ ಬರುವುದಿಲ್ಲ, ಅಲ್ವಾ? ಅಲ್ಲಿ ನನ್ನ ಆಯ್ಕೆ ವಾಷಿಂಗ್ ಸೋಡಾ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರ ಜೊತೆ ಸೇರಿ ಬೇರೆಯಾಗುತ್ತವೆ, ಪೌಡರ್ ಕಡಿಮೆ ಸಾಕಾಗುತ್ತದೆ. ಬಕೆಟ್‌ಗೆ ಒಂದು ಚಮಚ ಹಾಕಿ ನೋಡಿ. ಕೈ ಉರಿಯುತ್ತದೆ, ಗ್ಲೌಸ್ ಇರಲಿ.

ಅಡುಗೆ ಸೋಡಾ ಮೃದು. ಬೆವರಿನ ವಾಸನೆಗೆ ಸರಿ, ಗಡಸು ನೀರಿನ ಮುಂದೆ ಅದರ ಆಟ ನಡೆಯುವುದಿಲ್ಲ. ರೇಷ್ಮೆ ಸೀರೆಗೆ ಎರಡೂ ಬೇಡ, ಅಂಟುವಾಳವೇ ವಾಸಿ.

ಬಟ್ಟೆಗೆ ಸಂಡೂರಿನ ಕಬ್ಬಿಣದ ಅದಿರಿನ ಧೂಳು ಹತ್ತಿದ್ದರೆ ಒಣಗಿದ್ದಾಗಲೇ ಕೊಡವಿ. ಕಲೆ ಉಳಿದರೆ ನಿಂಬೆರಸ. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ. ಬ್ಲೀಚ್ ಹಾಕಿದರೆ ಕಲೆ ಇನ್ನೂ ಜಾಸ್ತಿ ಕೂರಬಹುದು.

ವಿನೆಗರ್‌ಗೆ ಸೋಡಾ ಬೆರೆಸಿ ಬುಸ್ಸೆನ್ನಿಸುವುದು ಸುಮ್ನೆ ತಮಾಷೆ. ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ.