ಗಾಜಿನಂತೆ ಹೊಳೆಯುವ ಮರದ ಗೂಬೆ ಕೊಳ್ಳಬೇಡಿ

ಚೈನ್‌ಸಾದಲ್ಲಿ, ಅಂದರೆ ಮೋಟಾರಿನ ಗರಗಸದಲ್ಲಿ, ಕೆತ್ತಿದ ಮರದ ಶಿಲ್ಪ ಕೊಳ್ಳುವ ಆಸೆ ಇದೆಯಾ? ಮೇಲಿನ ಹೊಳಪು ನೋಡಿ ದುಡ್ಡು ಕೊಡಬೇಡಿ.

ನಾನು ಮಾಡಿಸಿದ್ದು ಸೊಂಟದೆತ್ತರದ ಗೂಬೆ. "ಪಾಲಿಯುರೆಥೇನ್ ಹೊಡೆದಿದ್ದೀವಿ, ಮಳೆಯಲ್ಲಿಟ್ಟರೂ ಏನೂ ಆಗಲ್ಲ" ಎಂದಿದ್ದರು ಕೆತ್ತಿದವರು. ಮೊದಲ ಬೇಸಿಗೆಯಲ್ಲೇ ಎದೆಯಿಂದ ಬುಡದವರೆಗೆ ಬೆರಳು ತೂರುವಷ್ಟು ಸೀಳು ಬಿಟ್ಟಿತು. ಮಳೆನೀರು ಆ ಸೀಳಿನಲ್ಲಿ ಒಳಗೆ ಇಳಿಯಿತು. ಅದು ಹೊರಗೆ ಆರಿಹೋಗಲು ಪಾಲಿಯುರೆಥೇನ್‌ನ ಆ ಪ್ಲಾಸ್ಟಿಕ್ ಪದರ ಬಿಡಲಿಲ್ಲ. ಪದರದ ಅಡಿಯಲ್ಲೆಲ್ಲ ಕಪ್ಪು ಬೂಷ್ಟು ಬಂತು, ಬುಡ ಮೆತ್ತಗಾಯಿತು. ಕೇಳಿದರೆ "ಮರ ಅಂದ್ಮೇಲೆ ಬಿರಿಯುತ್ತೆ" ಎಂಬ ಉತ್ತರ ಸಿಕ್ಕಿತು.

ಅದು ಅರ್ಧ ಮಾತ್ರ ನಿಜ. ಮರ ಒಣಗುವಾಗ ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರಗಳ ಸುತ್ತ ಅದರ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ಹಾಗಾಗಿ ನಡುವೆ ತಿರುಳಿರುವ ಇಡೀ ದಿಮ್ಮಿ ಎಲ್ಲಾದರೂ ಬಿರಿಯುವುದೇ ಜಾಸ್ತಿ. ಆದರೆ ಎಲ್ಲಿ ಬಿರಿಯಬೇಕು ಅನ್ನೋದು ತಕ್ಕಮಟ್ಟಿಗೆ ಕೆತ್ತುವವರ ಕೈಯಲ್ಲಿರುತ್ತದೆ. ಬೆನ್ನಿನ ಕಡೆ ತಿರುಳಿನವರೆಗೆ ಉದ್ದಕ್ಕೆ ಒಂದು ಸೀಳು ಹಾಕಿದರೆ, ಅಥವಾ ಬುಡದಿಂದ ಒಳಗೆ ಟೊಳ್ಳು ಮಾಡಿದರೆ, ಬಿಗಿತ ಅಲ್ಲೇ ಸಡಿಲವಾಗಿ ಮುಂಭಾಗ ಬಹಳಷ್ಟು ಉಳಿಯುತ್ತದೆ. ನನ್ನ ಗೂಬೆಯ ಬೆನ್ನಿನಲ್ಲಿ ಒಂದು ಗೀರೂ ಇರಲಿಲ್ಲ. ನೋಡಲು ಚೆಂದ, ಅಷ್ಟೇ.

ಇನ್ನೊಂದು ತಪ್ಪು ಹಸಿ ಮರಕ್ಕೆ ದಪ್ಪ ಪದರ ಬಳಿದದ್ದು. ತೇವ ಶೇ. 20ಕ್ಕಿಂತ ಕಡಿಮೆ ಇರುವ ಮರಕ್ಕೆ ಕೊಳೆ ಹತ್ತುವುದಿಲ್ಲ. ಆದರೆ ಅಷ್ಟು ಒಣಗಲು ಹಲಗೆಗೇ ಇಂಚು ದಪ್ಪಕ್ಕೆ ಒಂದು ವರ್ಷ ಬೇಕು ಅನ್ನುತ್ತಾರೆ. ದಿಮ್ಮಿಯ ಕಥೆ ಕೇಳಲೇಬೇಡಿ. ತೇವ ಅಳೆಯುವ ಮೀಟರ್ ತೋರಿಸಿದರೂ ಪೂರ್ತಿ ನಂಬಬೇಡಿ. ಮರಕ್ಕೆ ಚುಚ್ಚುವ ಅದರ ಸಣ್ಣ ಮೊಳೆಗಳು ಹೇಳುವುದು ಮೇಲ್ಪದರದ ಸುದ್ದಿ, ಒಳಗಿನದ್ದಲ್ಲ.

ಹೊರಗಿಡುವ ಶಿಲ್ಪಕ್ಕೆ ಮರದೊಳಗೆ ಇಳಿಯುವ, ಬಣ್ಣದ ಪುಡಿ ಸೇರಿದ ಎಣ್ಣೆಯೇ ವಾಸಿ. ಬಣ್ಣ ಬಿಸಿಲನ್ನು ತಡೆಯುತ್ತದೆ. ಸಿಪ್ಪೆ ಏಳುವುದಿಲ್ಲ, ಮಂಕಾದಾಗ ಮತ್ತೆ ಹಚ್ಚಿದರಾಯಿತು. ತಲೆಯ ಮೇಲೂ ಬುಡದಲ್ಲೂ ಮರ ಜಾಸ್ತಿ ಕುಡಿಯುತ್ತದೆ, ಅಲ್ಲಿ ಕುಡಿಯುವಷ್ಟೂ ಕೊಡಿ. ಹಸಿ (ಸಂಸ್ಕರಿಸದ) ಅಗಸೆ ಎಣ್ಣೆ ಮಾತ್ರ ಬೇಡ, ಅದಕ್ಕೆ ಬೂಷ್ಟು ಬೇಗ ಹತ್ತುತ್ತದೆ. ಶಿಲ್ಪವನ್ನು ನೇರವಾಗಿ ಮಣ್ಣಿನ ಮೇಲೆ ನಿಲ್ಲಿಸಬೇಡಿ. ಅಡಿಯಲ್ಲಿ ಗಾಳಿಯಾಡುವಂತೆ ಕಲ್ಲುಗಳ ಮೇಲಿಡಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥವು ಒಣಗುವಾಗ ಬಿಸಿಯಾಗುತ್ತವೆ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಿಡಿಸಿ, ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ.